ಡಿಕ್ಕಿಯೊಳಗಿನ ಸಿಲಿಂಡರ್

ನಮ್ಮ ಕಾರಿಗೆ ಸಿಎನ್‌ಜಿ ಕಿಟ್ ಕೂರಿಸಿದ ದಿನದಿಂದ ನನ್ನ ಮಾವ ಅದರೊಳಗೆ ಕಾಲಿಡುವುದನ್ನು ನಿಲ್ಲಿಸಿದರು. ಕಿಟ್ ಕೂರಿಸಿದವಳು ನಾನೇ ಆಗಿದ್ದರಿಂದ, ಅದು ನನ್ನ ಮೇಲಿನ ಅಪನಂಬಿಕೆ ಎಂದೇ ನಾನು ತಿಳಿದೆ.

ಆಗ ನಾನು ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದೆ. ಪೆಟ್ರೋಲ್ ಕಾರುಗಳನ್ನು ಗ್ಯಾಸಿಗೆ ಬದಲಾಯಿಸುವುದು ನಮ್ಮ ಕೆಲಸ. ಬದಲಾಯಿಸಿದ ಮೇಲೆ ಸೈಲೆನ್ಸರಿನ ಬಾಯಿಗೆ ನಳಿಗೆ ತೂರಿಸಿ, ಹೊರಗೆ ಬರುವ ಗಾಳಿಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆಯುತ್ತಿದ್ದೆವು. ಅದೇ ಕಾರು, ಅದೇ ರಸ್ತೆ. ಗ್ಯಾಸಿನಲ್ಲಿ ಓಡಿದರೆ ಇಂಗಾಲದ ಡೈಆಕ್ಸೈಡ್ ಕಡಿಮೆ. ಆ ಅಂಕಿ ಕೆಳಗಿಳಿಯುವುದನ್ನು ನೋಡುವುದು ನನಗೆ ಒಂದು ಚಟವೇ ಆಗಿಬಿಟ್ಟಿತ್ತು. ಊರಿನ ಜಾಮ್‌ನಲ್ಲಿ ಕಿಟ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ನಮಗೆ ಕಾರುಗಳು ಬೇಕಿದ್ದವು. ಯಾರೂ ಮುಂದೆ ಬರದಿದ್ದಾಗ ನಮ್ಮ ಮನೆಯ ಹಳೆಯ ಬಿಳಿ ಕಾರನ್ನು ಕೊಟ್ಟವಳು ನಾನು. ಗಂಡ ಒಪ್ಪಿದ. ಅವನು ವಾಶಿಯ ಆಫೀಸಿಗೆ ಲೋಕಲ್ ರೈಲಿನಲ್ಲಿ ಹೋಗಿಬರುವವನು, ಕಾರಿನ ಅಗತ್ಯ ಅವನಿಗೆ ಅಷ್ಟಕ್ಕಷ್ಟೇ.

ನಾನು ಮೈಸೂರಿನವಳು. ಮದುವೆಯಾಗಿ ಬಂದದ್ದು ಠಾಕುರ್ಲಿಯ ಎರಡು ಕೋಣೆಯ ಫ್ಲ್ಯಾಟಿಗೆ, ಉಡುಪಿ ಕಡೆಯ ಸಂಸಾರಕ್ಕೆ. ಅವರವರಲ್ಲಿ ತುಳು ಮಾತಾಡಿಕೊಳ್ಳುತ್ತಿದ್ದರು, ನನ್ನ ಜೊತೆ ಮಾತ್ರ ಕನ್ನಡ. ಅತ್ತೆ ಶಾಂತ ಸ್ವಭಾವದವರು. ಮಾವನಿಗೂ ನನಗೂ ಇದ್ದ ಹೋಲಿಕೆ ಒಂದೇ: ಇಬ್ಬರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವರು ನಿವೃತ್ತರಾಗಿ ಮನೆಯಲ್ಲಿದ್ದರೂ ಬೆಳಗ್ಗೆ ಒಮ್ಮೆ ಡೊಂಬಿವಲಿ ಮಾರುಕಟ್ಟೆ, ಸಂಜೆ ಒಮ್ಮೆ ಕಲ್ಯಾಣ್. ಏನೂ ತರುವುದಿಲ್ಲ, ಸುಮ್ಮನೆ ಹೋಗಿಬರುವುದು. ನಾನಂತೂ ರವಿವಾರವೂ ಗ್ಯಾಸ್ ತುಂಬಿಸಿಕೊಳ್ಳುವ ನೆಪದಲ್ಲಿ ಹೊರಟುಬಿಡುತ್ತಿದ್ದೆ. ಶಿಳ್‌ ಫಾಟಾದ ಕೂಡುರಸ್ತೆಯ ಜಾಮ್‌ನಲ್ಲಿ ಸಿಕ್ಕಿಕೊಂಡಾಗ ಸುತ್ತಲಿನ ಅಷ್ಟೂ ಇಂಜಿನ್‌ಗಳು ಎಲ್ಲಿಗೂ ಹೋಗದೆ ಸುಮ್ಮನೆ ಉರಿಯುತ್ತಿವೆಯಲ್ಲ ಎಂದು ನನ್ನ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನನ್ನ ಅವಸರಕ್ಕೆ ಒಂದು ಒಳ್ಳೆಯ ಕಾರಣ ಸಿಕ್ಕಿದೆ ಎಂದು ಆಗ ನನಗೆ ಅನಿಸಿತ್ತು.

ಕಾರು ಮನೆಗೆ ಬಂದ ಸಂಜೆ ಮಾವ ಕೆಳಗಿಳಿದು ಬಂದರು. ಸುತ್ತ ಒಂದು ಸುತ್ತು ಹಾಕಿ, "ಅದು ಎಲ್ಲಿ ಉಂಟು?" ಎಂದು ಕೇಳಿದರು.

"ಡಿಕ್ಕಿಯಲ್ಲಿ, ಮಾವ."

"ಅಂದ್ರೆ ಹಿಂದೆ ಕೂತವರ ಬೆನ್ನಿಗೆ."

ನಾನು ಡಿಕ್ಕಿ ತೆಗೆದು ತೋರಿಸಿದೆ. ಸಿಲಿಂಡರಿನ ಗೋಡೆ ಎಷ್ಟು ದಪ್ಪ, ಕೈಯಿಂದ ಮುಚ್ಚುವ ವಾಲ್ವ್ ಯಾವುದು, ಒತ್ತಡ ಮಿತಿಮೀರಿದರೆ ಗ್ಯಾಸ್ ತಾನಾಗಿ ಹೇಗೆ ಹೊರಹೋಗುತ್ತದೆ, ಎಲ್ಲ ವಿವರಿಸಿದೆ. ಅಡುಗೆಯ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂತಿರುತ್ತದೆ. ಇದು ಹಗುರ, ಸೋರಿದರೂ ಮೇಲೆ ಹೋಗಿಬಿಡುತ್ತದೆ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. "ಇದನ್ನೆಲ್ಲ ಬೆಂಕಿ ಓದುವುದಿಲ್ಲ ಮಾರಾಯ್ತಿ" ಎಂದು ಹೇಳಿ ಮೇಲೆ ಹೋದರು.

ಮರುದಿನ ಊಟದ ಹೊತ್ತಿಗೆ ನಾನು ಒಂದು ಜಾಣತನ ಮಾಡಿದೆ. ನೀವು ದಿನಾ ಹತ್ತುವ ರಿಕ್ಷಾ ಕೂಡ ಈಗ ಸಿಎನ್‌ಜಿಯದೇ, ನಿಮ್ಮ ಸೀಟಿನ ಕೆಳಗೇ ಸಿಲಿಂಡರ್ ಇದೆ ಎಂದೆ. ಗಂಡ ನಕ್ಕ. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ದಿನದಿಂದ ಅವರು ರಿಕ್ಷಾ ಹತ್ತುವುದನ್ನೂ ಬಿಟ್ಟು ಠಾಕುರ್ಲಿಯಿಂದ ಡೊಂಬಿವಲಿಗೆ ರೈಲು ಹಳಿಯ ಪಕ್ಕದ ದಾರಿಯಲ್ಲಿ ನಡೆದೇ ಹೋಗತೊಡಗಿದರು. ಮಳೆಗಾಲದಲ್ಲಿ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಕೆಸರಿನಲ್ಲಿ ಬರುತ್ತಿದ್ದರು. ಕಾಲು ಬಾತುಕೊಂಡಿತು. ಅತ್ತೆ ಅವರಿಗೆ ಬೈದರು, ಆಮೇಲೆ ಬೇರೆ ಕೋಣೆಗೆ ಬಂದು ನನ್ನ ಹತ್ತಿರ ಕೂತರು.

ಅತ್ತೆ ಆ ದಿನ ಹೇಳಿದ್ದನ್ನು ಗಂಡ ನನಗೆ ಎಂದೂ ಹೇಳಿರಲಿಲ್ಲ. ಬಹಳ ಹಿಂದೆ ಕಲ್ಯಾಣ್ ಸ್ಟೇಷನ್ನಿನ ಹತ್ತಿರ ಮಾವನದೇ ಒಂದು ಚಿಕ್ಕ ಹೋಟೆಲಿತ್ತಂತೆ. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹಿಡಿಯಿತು. ಕುಂದಾಪುರ ಕಡೆಯ ಅಡುಗೆ ಭಟ್ಟರ ಬಲಗೈ, ಕುತ್ತಿಗೆ ಸುಟ್ಟುಹೋಯಿತು. ಮಾವ ಅವರನ್ನು ಹೊರಗೆ ಎಳೆದು ತಂದು ಜೀವ ಉಳಿಸಿದರು. ಭಟ್ಟರು ಆಸ್ಪತ್ರೆಯಿಂದ ನೇರ ಊರಿಗೆ ಹೋದರು. ಮಾವ ಹೋಟೆಲು ಮುಚ್ಚಿ, ಆಮೇಲೆ ಉಳಿದ ಅಷ್ಟೂ ವರ್ಷ ಬೇರೆಯವರ ಹೋಟೆಲುಗಳ ಕೌಂಟರಿನಲ್ಲಿ ಕೂತರು. "ಆ ಮೇಲೆ ಅವರಿಗೆ ನಿದ್ರೆ ಸರಿ ಇಲ್ಲ" ಎಂದರು ಅತ್ತೆ.

ನನಗೆ ನಾಚಿಕೆಯಾಯಿತು. ಕಿಟ್ ತೆಗೆಸಿಬಿಡೋಣವೇ ಎಂದು ಗಂಡನನ್ನು ಕೇಳಿದೆ. ಅವನು, ತನ್ನಿಂದಾಗಿ ತೆಗೆಸಿದ್ದೆಂದು ಅಪ್ಪನಿಗೆ ಗೊತ್ತಾದರೆ ಇನ್ನೂ ನೊಂದುಕೊಳ್ಳುತ್ತಾರೆ, ಬಿಡು ಎಂದ. ಹಾಗೆ ಒಂದು ಮಳೆಗಾಲ ಕಳೆಯಿತು.

ಮಳೆ ಮುಗಿಯುತ್ತ ಬಂದ ಒಂದು ರವಿವಾರ ನೆರೂಳ್‌ನಿಂದ ಫೋನ್ ಬಂತು. ಮಾವನ ಅಕ್ಕ ಅಲ್ಲಿ ಮಗಳ ಮನೆಯಲ್ಲಿದ್ದರು. ಬಹಳ ದಿನದಿಂದ ಹಾಸಿಗೆ ಹಿಡಿದವರು, ಅವತ್ತು ಬೆಳಗ್ಗೆಯಿಂದ ತಮ್ಮನನ್ನು ಕರೆಯಿರಿ ಎಂದು ಹಟ ಹಿಡಿದಿದ್ದರಂತೆ. ರವಿವಾರದ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಲೋಕಲ್‌ಗಳು ಹತ್ತಾರು ಕಡೆ ನಿಂತಿದ್ದವು. ಗಂಡ ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ಅತ್ತೆಗೆ ಜ್ವರ. ಮಾವ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತು, ಚಪ್ಪಲಿ ಹಾಕಿ, ಬಿಚ್ಚಿ, ಮತ್ತೆ ಹಾಕಿದರು.

"ನೀನು ಕರಕೊಂಡು ಹೋಗ್ತೀಯಾ?" ಎಂದರು.

ಮುಂದಿನ ಸೀಟಿನಲ್ಲಿ ಕೂತರು. ಕಿಟಕಿಯ ಗಾಜು ಪೂರ್ತಿ ಇಳಿಸಿ, ಒಂದು ಕೈ ಬಾಗಿಲ ಹಿಡಿಯ ಮೇಲೆಯೇ ಇಟ್ಟುಕೊಂಡರು. ನಾನು ಪೆಟ್ರೋಲಿನಲ್ಲೇ ಓಡಿಸುತ್ತೇನೆ ಎಂದೆ. ಆದರೆ ಪೆಟ್ರೋಲ್ ಇದ್ದದ್ದು ತಳ ಕಾಣುವಷ್ಟು. ಸ್ಟಾರ್ಟ್ ಮಾಡಲು ಬೇಕಾದಷ್ಟನ್ನೇ ಇಟ್ಟುಕೊಳ್ಳುವುದು ನಮ್ಮ ರೂಢಿ. ದಾರಿಯಲ್ಲಿ ಹಾಕಿಸೋಣವೆಂದರೆ ಕಲ್ಯಾಣ್-ಶಿಳ್ ರಸ್ತೆಯ ಪಂಪಿನ ಮುಂದೆ ಸಾಲು ರಸ್ತೆಗೇ ಬಂದಿತ್ತು. ಮಾವ ಆ ಸಾಲು ನೋಡಿ, "ಬೇಡ, ಹೋಗುವ" ಎಂದರು. ನಾನು ಸ್ವಿಚ್ಚನ್ನು ಗ್ಯಾಸಿಗೆ ತಿರುಗಿಸಿದೆ. ಡ್ಯಾಶ್‌ಬೋರ್ಡಿನ ಪುಟ್ಟ ಹಸಿರು ದೀಪ ಹತ್ತಿತು. ಅವರು ಅದನ್ನೇ ನೋಡುತ್ತಿದ್ದರು.

ಅವರನ್ನು ಮಾತಾಡಿಸಬೇಕೆಂದು ನಾನು ಕೆಲಸದ ಸುದ್ದಿ ತೆಗೆದೆ. ಗ್ಯಾಸಿನಲ್ಲಿ ಓಡಿಸಿದರೆ ಹೊಗೆ ಕಡಿಮೆ, ಗಾಳಿಗೆ ಒಳ್ಳೆಯದು ಎಂದೆ. ಈ ಕಾರಿನಲ್ಲಿ ಮೊದಲೂ ಹೊಗೆ ನೋಡಿಲ್ಲವಲ್ಲ ಎಂದರು ಅವರು. ನಾನು ಹೇಳುವ ಇಂಗಾಲದ ಗಾಳಿ ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ, ಆದರೆ ಮೇಲೆ ಸೇರುತ್ತ ಹೋಗಿ ಭೂಮಿಯನ್ನು ಕಾಯಿಸುತ್ತದೆ ಎಂದೆ. ಅವರು, ಡೊಂಬಿವಲಿಯ ಕೆಮಿಕಲ್ ಫ್ಯಾಕ್ಟರಿಗಳ ವಾಸನೆ ಮೂಗಿಗೆ ಬರುತ್ತದೆ, ಅದಕ್ಕೇ ಯಾರೂ ಏನೂ ಮಾಡಿಲ್ಲ, ವಾಸನೆ ಇಲ್ಲದ್ದಕ್ಕೆ ನೀವು ಓಡಾಡುತ್ತಿದ್ದೀರಿ ಎಂದರು. ಕುಹಕವಿರಲಿಲ್ಲ. ನಿಜವಾಗಿಯೂ ಅವರಿಗೆ ಅದು ಆಶ್ಚರ್ಯವಾಗಿತ್ತು.

ಶಿಳ್ ಫಾಟಾ ಮುಟ್ಟುವ ಮೊದಲೇ ಜಾಮ್. ಮುಂದೆ ಟ್ರೇಲರುಗಳು, ಹಿಂದೆ ಟ್ರಕ್ಕುಗಳು, ನಡುವೆ ನಾವು. ಬಿಸಿಲು ಏರುತ್ತಿತ್ತು. ಫೋನ್ ಮತ್ತೆ ಬಂತು, ಎಲ್ಲಿದ್ದೀರಿ ಎಂದು. ನಾನು ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದೆ, ಮಾವ ತೊಡೆಯ ಮೇಲೆ. ಆಗ ನನಗೆ ವಾಸನೆ ಬಂತು. ಸಿಎನ್‌ಜಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲೆಂದೇ ಕೊಳೆತ ಮೊಟ್ಟೆಯಂಥ ವಾಸನೆಯನ್ನು ಅದಕ್ಕೆ ಸೇರಿಸಿರುತ್ತಾರೆ. ಟ್ರಕ್ಕಿನದೋ, ಪಕ್ಕದ ಗಟಾರದ್ದೋ ಎಂದು ಒಂದು ಕ್ಷಣ ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಮಾವ ಬಾಗಿಲು ತೆರೆದು ಇಳಿದಿದ್ದರು. ನನ್ನ ಕಡೆ ನೋಡಲಿಲ್ಲ. ಟ್ರಕ್ಕುಗಳ ನಡುವಿನ ಸಂದಿಯಲ್ಲಿ, ಆ ಬಾತ ಕಾಲಿನಲ್ಲಿ, ಓಡಿದರು.

ನಾನು ಇಂಜಿನ್ ಆರಿಸಿ, ನಾಲ್ಕೂ ಬಾಗಿಲು ತೆರೆದು, ಹಿಂದೆ ಹೋಗಿ ಡಿಕ್ಕಿ ಎತ್ತಿದೆ. ಸಿಲಿಂಡರಿನ ವಾಲ್ವನ್ನು ತಿರುಗಿಸಿ ಮುಚ್ಚಿದೆ. ಇಷ್ಟನ್ನು ಕಂಪನಿಯಲ್ಲಿ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೆ, ಆದರೂ ಸರಿಯಾಗಿ ಮುಚ್ಚಿತೇ ಎಂದು ಇನ್ನೊಮ್ಮೆ ಒತ್ತಿ ನೋಡಿದೆ. ಪಕ್ಕದ ಟ್ರಕ್ಕಿನ ಚಾಲಕ ಬೀಡಿ ಸೇದುತ್ತಿದ್ದ. ಹಿಂದಿಯಲ್ಲಿ ಕೂಗಿ ಆರಿಸಲು ಹೇಳಿದೆ. ಅವನು ಆರಿಸಿ, ಇಳಿದು ಬಂದು, ಬಾನೆಟ್ ಎತ್ತಿ ಹಿಡಿದ. ಒಳಗೆ ರಬ್ಬರಿನ ಕೊಳವೆಯನ್ನು ಇಲಿ ಕಡಿದಿತ್ತು. ಮಳೆಗಾಲದಲ್ಲಿ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಂತ ಕಾರುಗಳೊಳಗೆ ಇಲಿಗಳು ಬೆಚ್ಚಗೆ ಸೇರಿಕೊಳ್ಳುತ್ತವೆ. ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಗಾಳಿಗೆ ವಾಸನೆ ಹೋಗುವವರೆಗೆ ಕಾದು, ಸ್ವಿಚ್ಚನ್ನು ಪೆಟ್ರೋಲಿಗೆ ತಿರುಗಿಸಿ, ಸ್ಟಾರ್ಟ್ ಮಾಡಿ, ಕಾರನ್ನು ರಸ್ತೆಯ ಬದಿಗೆ ತೆಗೆದುಕೊಂಡೆ.

ಆಮೇಲೆ ಮಾವನನ್ನು ಹುಡುಕಿಕೊಂಡು ನಡೆದೆ. ಫೋನ್ ಅವರ ಹತ್ತಿರ ಇರಲಿಲ್ಲ. ಎದುರು ಬರುತ್ತಿದ್ದವರನ್ನೆಲ್ಲ, ಬಿಳಿ ಅಂಗಿಯ ಒಬ್ಬ ಮುದುಕರನ್ನು ಕಂಡಿರಾ ಎಂದು ಕೇಳಿದೆ. ಬಹಳ ದೂರದಲ್ಲಿ, ಒಂದು ಪಂಕ್ಚರ್ ಅಂಗಡಿಯ ಮುಂದೆ ಬಿದ್ದ ಟೈರಿನ ಮೇಲೆ ಅವರು ಕೂತಿದ್ದರು. ಅಂಗಡಿಯವನು ನೀರಿನ ಲೋಟ ಕೈಗೆ ಕೊಟ್ಟಿದ್ದ, ಅದು ಹಾಗೇ ಇತ್ತು. ನನ್ನನ್ನು ಕಂಡಾಗ ಅವರ ಮುಖ ಹೇಗಾಯಿತೆಂದರೆ, ನಾನು ಕಣ್ಣು ಬೇರೆ ಕಡೆ ತಿರುಗಿಸಬೇಕಾಯಿತು.

"ನಾನು ನಿನ್ನನ್ನು ಬಿಟ್ಟು ಓಡಿದೆ" ಎಂದರು.

"ಏನೂ ಆಗಿಲ್ಲ ಮಾವ. ಬನ್ನಿ, ಅಲ್ಲಿ ಕಾಯ್ತಾ ಇದಾರೆ."

"ಕಾರಲ್ಲಿ?"

"ಕಾರಲ್ಲೇ. ವಾಲ್ವ್ ಮುಚ್ಚಿದೀನಿ. ಈಗ ಪೆಟ್ರೋಲ್."

ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡೆ. ಆ ರಸ್ತೆಯಲ್ಲಿ ಆ ಹೊತ್ತಿಗೆ ಬೇರೆ ಯಾವ ಗಾಡಿಯೂ ಸಿಗುವಂತಿರಲಿಲ್ಲ, ಸಿಕ್ಕರೂ ಅದು ಗ್ಯಾಸಿನದೇ ಆಗಿರುತ್ತಿತ್ತು. ಅವರು ನೀರು ಕುಡಿದು, ಲೋಟ ಹಿಂದಕ್ಕೆ ಕೊಟ್ಟು, ಎದ್ದರು. ನನ್ನ ಪಕ್ಕದಲ್ಲಿ ನಡೆದು ಬಂದು ಅದೇ ಸೀಟಿನಲ್ಲಿ ಕೂತರು. ಹಣೆಯ ಮೇಲೆ ಬೆವರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಬದುಕಿನಲ್ಲಿ ನಾನು ಕಂಡ ಧೈರ್ಯಗಳಲ್ಲಿ ಅದು ಒಂದು ಎಂದು ಈಗ ಹೇಳಬಲ್ಲೆ. ಅವತ್ತು ನನ್ನ ಮನಸ್ಸಿನಲ್ಲಿದ್ದದ್ದು ತಳ ಕಾಣುತ್ತಿದ್ದ ಪೆಟ್ರೋಲು ಮಾತ್ರ. ಮಹಾಪೆಯ ಪಂಪಿನವರೆಗೆ ಅದು ಹೇಗೋ ಸಾಕಾಯಿತು.

ನೆರೂಳ್‌ನಲ್ಲಿ ಅಕ್ಕ ಎಚ್ಚರವಾಗಿಯೇ ಇದ್ದರು. ತಮ್ಮನ ಕೈ ಹಿಡಿದು, ಇಷ್ಟು ಬೆವರಿದ್ದೀಯಲ್ಲ, ನಡೆದುಕೊಂಡು ಬಂದೆಯಾ ಎಂದು ತುಳುವಿನಲ್ಲಿ ಕೇಳಿದರು. ಅಷ್ಟು ಮಾತ್ರ ನನಗೆ ಅರ್ಥವಾಯಿತು. ಮಾವ ನಕ್ಕರು. ನಾನು ಅವರಿಬ್ಬರನ್ನು ಬಿಟ್ಟು ಬಾಲ್ಕನಿಯಲ್ಲಿ ಅತ್ತಿಂದಿತ್ತ ನಡೆದೆ. ಆ ಅಕ್ಕ ಮುಂದಿನ ವಾರವೇ ತೀರಿಕೊಂಡರು, ಕೊನೆಯ ಬಾರಿ ಸ್ಪಷ್ಟವಾಗಿ ಮಾತಾಡಿದ್ದು ಅವತ್ತೇ ಅಂತೆ.

ವಾಪಸು ಬರುವಾಗ ರಸ್ತೆ ತೆರವಾಗಿತ್ತು. ಸಂಜೆಯ ಬಿಸಿಲು. ಮಾವ ತಾವಾಗಿಯೇ ಮಾತು ಶುರುಮಾಡಿದರು.

"ಅವಳು ನಿನಗೆ ಹೋಟೆಲಿನ ಕತೆ ಹೇಳಿದ್ದಾಳೆ ಅಲ್ವಾ?" ಎಂದರು. ಅವಳು ಎಂದರೆ ಅತ್ತೆ.

ಹೌದು ಎಂದೆ.

"ಭಟ್ರನ್ನು ಎಳೆದು ತಂದದ್ದು ನಾನಲ್ಲ. ಚಾ ಕುಡಿಯಲಿಕ್ಕೆ ಬಂದ ಯಾರೋ ಗಿರಾಕಿ. ನಾನು ಆವತ್ತೂ ಓಡಿದ್ದೆ. ರೈಲು ಪ್ಲಾಟ್‌ಫಾರ್ಮಿನವರೆಗೆ ಓಡಿದ್ದೆ."

ಹಿಂದಿರುಗಿ ಬಂದಾಗ ಭಟ್ಟರು ಹೊರಗೆ ಮಲಗಿದ್ದರಂತೆ. ಆ ಗಿರಾಕಿ ಹೋಗಿಬಿಟ್ಟಿದ್ದ. ಇವರು ಭಟ್ಟರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಜನ ಸೇರಿದರು, ನೋಡಿದ್ದನ್ನೇ ನಿಜ ಎಂದುಕೊಂಡರು, ಇವರು ಬಾಯಿ ಬಿಡಲಿಲ್ಲ. ಆಮೇಲೆ ಊರಿನ ಸಂಘದಲ್ಲಿ ಹೊಗಳಿದರು, ಶಾಲು ಹೊದಿಸಿದರು. ಪ್ರತಿ ಸಲವೂ ಹೇಳಿಬಿಡಬೇಕು ಎನಿಸಿ, ಪ್ರತಿ ಸಲವೂ ಎದ್ದು ಎಲ್ಲಾದರೂ ನಡೆದುಬಿಡುತ್ತಿದ್ದರು.

ನಾನು ಓಡಿಸುತ್ತಲೇ ಇದ್ದೆ. ಸಮಾಧಾನದ ಮಾತು ಬಾಯಿಗೆ ಬಂತು, ನುಂಗಿದೆ. ಇವತ್ತು ನೀವು ತಿರುಗಿ ಬಂದು ಕೂತಿರಲ್ಲ ಎಂದು ಮಾತ್ರ ಹೇಳಿದೆ.

ಮರುದಿನ ಕೊಳವೆ ಬದಲಾಯಿಸಿದೆ, ಇಲಿ ಕಡಿಯದಂತೆ ಸುತ್ತಲೂ ತಂತಿಯ ಜಾಲರಿ ಸುತ್ತಿದೆ; ಆಮೇಲೆ ನಮ್ಮ ಕಂಪನಿ ಎಲ್ಲ ಕಾರುಗಳಿಗೂ ಹಾಗೆಯೇ ಮಾಡತೊಡಗಿತು. ಅದಾಗಿ ಕೆಲವು ದಿನಗಳಿಗೆ ಮಾವ ಕೆಳಗೆ ಬಂದು, ವಾಲ್ವ್ ಮುಚ್ಚುವುದು ಹೇಗೆಂದು ತೋರಿಸು ಎಂದರು. ತೋರಿಸಿದೆ. ಅವರು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಗ್ಯಾಸಿನ ಸಾಲಿಗೆ ನನ್ನ ಜೊತೆ ಬರತೊಡಗಿದರು. ಪಂಪಿನಲ್ಲಿ ಗ್ಯಾಸ್ ತುಂಬುವಾಗ ಎಲ್ಲರೂ ಇಳಿದು ದೂರ ನಿಲ್ಲಬೇಕು ಎಂಬ ನಿಯಮ ಅವರಿಗೆ ಬಹಳ ಹಿಡಿಸಿತು. ಎಲ್ಲರಿಗಿಂತ ದೂರ ನಿಲ್ಲುತ್ತಿದ್ದರು, ಇಳಿಯದೆ ಕೂತ ಪ್ರಯಾಣಿಕರನ್ನು ರಿಕ್ಷಾಗಳಿಂದ ಇಳಿಸುತ್ತಿದ್ದರು.

ಚಳಿಗಾಲದಲ್ಲಿ ಒಂದು ದಿನ, ಊರಿಗೆ ಹೋಗಿಬರುತ್ತೇನೆ ಎಂದರು. ಪನ್ವೇಲ್‌ನಿಂದ ಕೊಂಕಣ ರೈಲು. ಅತ್ತೆಗೆ ಏನೋ ಜಾಗದ ಕೆಲಸ ಎಂದಿದ್ದರು. ಸ್ಟೇಷನ್ನಿಗೆ ಬಿಟ್ಟವಳು ನಾನು. ಭಟ್ಟರನ್ನು ನೋಡಲು ಹೋಗುತ್ತಿದ್ದಾರೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಅವರು ಹೋದ ಅಷ್ಟೂ ದಿನ ನನಗೆ ಆಫೀಸಿನಲ್ಲಿ ಮನಸ್ಸು ನಿಲ್ಲಲಿಲ್ಲ. ಅಂಕಿ ಬರೆದುಕೊಳ್ಳುವಾಗ ತಪ್ಪು ಮಾಡಿದೆ, ಒಂದು ಪರೀಕ್ಷೆಯನ್ನು ಮೊದಲಿಂದ ಮಾಡಬೇಕಾಯಿತು. ಸುಮ್ಮನಿದ್ದವರನ್ನು ನಾನೇ ಎಬ್ಬಿಸಿ ಕಳಿಸಿದೆನೇನೋ ಎಂಬ ಭಯ.

ಹಿಂದಿರುಗಿದ ದಿನ ಪನ್ವೇಲ್‌ನಿಂದ ಬರುವಾಗ ಕಾರಿನಲ್ಲಿ ಕೇಳಿದೆ.

"ಹೇಳಿದ್ರಾ?"

"ಹೇಳಿದೆ."

"ಅವರೇನಂದ್ರು?"

"ಮೊದಲು ಊಟ ಮಾಡಿ ಅಂದ್ರು. ಊಟ ಆದ ಮೇಲೆ ಮಲಗಿ ಅಂದ್ರು. ಹೊರಡುವ ದಿನ ಹೇಳಿದ್ರು, ನೀವು ಓಡಿದ್ದನ್ನು ನಾನು ನೋಡಿದ್ದೇನೆ, ಇದನ್ನು ಈಗ ನನ್ನ ಹತ್ತಿರ ತಂದು ನಾನು ಎಂತ ಮಾಡ್ಬೇಕು ಅಂತ."

ಭಟ್ಟರು ಊರಿನ ರಸ್ತೆ ಬದಿಯಲ್ಲಿ ಒಂದು ಪುಟ್ಟ ಚಾ ಅಂಗಡಿ ಇಟ್ಟುಕೊಂಡಿದ್ದರಂತೆ. ಸುಟ್ಟ ಕೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ, ಆದರೂ ಒಲೆ ಗ್ಯಾಸಿನದೇ. ಮಾವ ಆ ಒಲೆಯ ಟ್ಯೂಬು ನೋಡಿದರು, ಬಿರುಕು ಬಿಟ್ಟಿತ್ತು. ಕುಂದಾಪುರಕ್ಕೆ ಹೋಗಿ ಹೊಸದು ತಂದು ತಾವೇ ಹಾಕಿಕೊಟ್ಟು ಬಂದರು. ಕ್ಷಮೆ ಸಿಕ್ಕಿತೇ ಇಲ್ಲವೇ ಎಂದು ಅವರಿಗೂ ಗೊತ್ತಿರಲಿಲ್ಲ. ಅತ್ತೆಗೆ ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದರು, ನನ್ನ ಗಂಡನ ಎದುರಿಗೇ. ಅತ್ತೆ ಬಡಿಸುತ್ತಿದ್ದ ಸೌಟು ಕೆಳಗಿಟ್ಟು, ತುಳುವಿನಲ್ಲಿ ಒಂದೇ ಮಾತು ಹೇಳಿದರು. ಆಮೇಲೆ ಗಂಡ ಅದರ ಅರ್ಥ ಹೇಳಿದ: ಇಷ್ಟು ವರ್ಷ ನಾನು ಯಾರ ಜೊತೆ ಇದ್ದೆ. ಅಂದಿನಿಂದ ಅತ್ತೆ ಮಾವನೊಡನೆ ಮಾತು ಬಿಟ್ಟರು. ಕೆಲವು ದಿನ ಕಳೆದು ಒಂದು ಸಂಜೆ ಮಾವನ ಬಾತ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತದ್ದನ್ನು ನಾನು ಕಂಡೆ. ಮಾತು ಅದಾಗಿ ಎಷ್ಟೋ ದಿನಕ್ಕೆ ಬಂತು.

ಮಾವನ ನಡಿಗೆ ಮಾತ್ರ ನಿಲ್ಲಲಿಲ್ಲ. ಎಲ್ಲ ಹೇಳಿದ ಮೇಲಾದರೂ ಸುಮ್ಮನೆ ಕೂರಬಹುದೆಂದು ನಾನು ಎಣಿಸಿದ್ದೆ. ಅದು ಅಷ್ಟು ವರ್ಷದ ಅಭ್ಯಾಸವಾಗಿತ್ತು, ಕಾರಣ ಹೋದರೂ ಕಾಲಿಗೆ ಅದು ತಿಳಿದಿರಲಿಲ್ಲ. ನನ್ನದೂ ಹಾಗೆಯೇ. ಕಾರು ತಯಾರಿಸುವವರೇ ಕಾರ್ಖಾನೆಯಲ್ಲಿ ಗ್ಯಾಸ್ ಕಿಟ್ ಹಾಕಿ ಕೊಡತೊಡಗಿದಾಗ ನಮ್ಮ ಕಂಪನಿಗೆ ಕೆಲಸ ಕಡಿಮೆಯಾಯಿತು. ಹಳೆಯ ಕಾರಿನ ಹಿಂದಿನ ಚಕ್ರಗಳಿಗೆ ಮೋಟಾರು ಕೂರಿಸಿ ಹೈಬ್ರಿಡ್ ಮಾಡುವ ಪ್ರಯತ್ನಕ್ಕೆ ಇಳಿದೆವು. ಮೂರು ಮಳೆಗಾಲ ಅದರ ಹಿಂದೆ ಓಡಿದೆ. ಫ್ಲೈಓವರಿನ ಏರಿನಲ್ಲಿ ಮೋಟಾರು ಇಂಜಿನ್ನಿಗೆ ಹೆಗಲು ಕೊಡುವಾಗ ಅಂಕಿ ಚೆನ್ನಾಗಿ ಇಳಿಯುತ್ತಿತ್ತು; ನಿಂತ ನೀರಿನಲ್ಲಿ ಒಮ್ಮೆ ಇಳಿದರೆ ಎಲ್ಲ ಕೆಡುತ್ತಿತ್ತು. ಆ ಯೋಜನೆಯನ್ನು ಮುಚ್ಚಿದರು. ನಾನು ತುರ್ಭೆಯ ಇನ್ನೊಂದು ಕಂಪನಿ ಸೇರಿ ಬ್ಯಾಟರಿ ಕಾರಿನ ಕೆಲಸ ಹಿಡಿದೆ. ಹಳೆಯ ಬಿಳಿ ಕಾರನ್ನು ಮಾರಿದೆವು.

ಎರಡು ಸಾವಿರದ ಹತ್ತರ ದಶಕದ ಕೊನೆಯ ಕಡೆ ಒಂದು ಶನಿವಾರ, ಪರೀಕ್ಷೆಗೆ ಕೊಟ್ಟ ಬ್ಯಾಟರಿ ಕಾರಿನಲ್ಲಿ ಮಾವನನ್ನು ಪಾಮ್ ಬೀಚ್ ರಸ್ತೆಗೆ ಕರೆದುಕೊಂಡು ಹೋದೆ. ಅವರಿಗೆ ಆಗ ಎಂಬತ್ತರ ಹತ್ತಿರ. ಶಬ್ದವೇ ಇಲ್ಲ, ಕಾರು ಹೊರಟಿದೆಯೋ ನಿಂತಿದೆಯೋ ತಿಳಿಯುವುದಿಲ್ಲ ಎಂದು ದೂರಿದರು. ಇದರಲ್ಲಿ ಏನು ಉರಿಯುತ್ತದೆ ಎಂದು ಕೇಳಿದರು. ಇಲ್ಲಿ ಏನೂ ಇಲ್ಲ, ಕರೆಂಟು ಮಾಡುವಲ್ಲಿ ಇನ್ನೂ ಕಲ್ಲಿದ್ದಲು ಉರಿಯುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹಾಗಾದ್ರೆ ಒಲೆ ಬೇರೆ ಮನೆಗೆ ಹೋಯ್ತು, ಅಷ್ಟೇ" ಎಂದರು. ಅಷ್ಟೇ ಅಲ್ಲ, ಆ ಒಲೆಯನ್ನೂ ಬದಲಾಯಿಸಬಹುದು ಎಂದು ನಾನು ವಾದಕ್ಕಿಳಿದೆ.

ವಾದದ ಭರದಲ್ಲಿ ಬೇಲಾಪುರದ ತನಕ ಹೋಗಿಬಿಟ್ಟಿದ್ದೆ. ಚಾರ್ಜು ನಾನು ಎಣಿಸಿದ್ದಕ್ಕಿಂತ ಬೇಗ ಇಳಿದಿತ್ತು. ಹತ್ತಿರದಲ್ಲಿ ಎಲ್ಲೂ ಚಾರ್ಜ್ ಮಾಡುವ ವ್ಯವಸ್ಥೆ ಇರಲಿಲ್ಲ. ಕಾರ್ಕಳದವರ ಹೋಟೆಲೊಂದರ ಮುಂದೆ ನಿಲ್ಲಿಸಿ, ಮಾಲೀಕರನ್ನು ಕೇಳಿಕೊಂಡೆ. ಅವರು ಮಾವನ ಊರು ವಿಚಾರಿಸಿ, ತುಳುವಿನಲ್ಲಿ ಮಾತು ಶುರುಮಾಡಿ, ಹಿಟ್ಟು ರುಬ್ಬುವ ಯಂತ್ರದ ಪ್ಲಗ್ ತೆಗೆದು ನಮ್ಮ ಕೇಬಲ್ ಹಾಕಿಸಿಕೊಟ್ಟರು. ಗಂಟೆಗಟ್ಟಲೆ ಕಾಯಬೇಕಿತ್ತು. ಮಾವ ಸೀಟು ಹಿಂದಕ್ಕೆ ಒರಗಿಸಿಕೊಂಡು, ಬಾಗಿಲು ತೆರೆದಿಟ್ಟು, ನಿದ್ದೆ ಹೋದರು. ನಾನು ಕಾರಿಗೂ ಪ್ಲಗ್ಗಿಗೂ ನಡುವೆ ಓಡಾಡುತ್ತ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಚಾರ್ಜಿನ ಗೀಟು ಏರಿತೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಹೋಟೆಲಿನ ಮಾಲೀಕರು ಕೌಂಟರಿನಿಂದಲೇ, ನೀವು ನೋಡಿದ್ರೆ ಅದು ಬೇಗ ತುಂಬುದಿಲ್ಲ, ಬಂದು ಕೂತ್ಕೊಳ್ಳಿ, ಚಾ ತಣಿಯುತ್ತದೆ ಎಂದರು. ಬಂದೆ ಎಂದು ಹೇಳಿ, ನಾನು ಇನ್ನೊಮ್ಮೆ ಗೀಟು ನೋಡಲು ಹೋದೆ.